ಅರಬ್ ನಾಡುಗಳಲ್ಲಿ ಲಾಂಗ್ ಕೋವಿಡ್: ನೂರರಲ್ಲಿ ಎಷ್ಟು ಮಂದಿಗೆ, ಯಾರಿಗೆ ಜಾಸ್ತಿ?

ಕೋವಿಡ್‌ನ ಮೊದಲ ವರ್ಷದಲ್ಲೇ ಈಜಿಪ್ಟಿನ ಸಂಶೋಧಕರು ಕಾಯಿಲೆಯಿಂದ ಎದ್ದು ಬಂದ 287 ಜನರನ್ನು ವಿಚಾರಿಸಿದರು. ಈಗ ಯಾವ ತೊಂದರೆಯೂ ಇಲ್ಲ ಎಂದವರು ಶೇ 10.8 ಮಾತ್ರ. ಉಳಿದ ಎಲ್ಲರಿಗೂ ಏನಾದರೊಂದು ಇತ್ತು. ಸುಸ್ತು ಎಂದವರೇ ಶೇ 72.8. ಎರಡು ವರ್ಷದ ನಂತರ, 2022ರಲ್ಲಿ, 22 ದೇಶಗಳ 12 ಲಕ್ಷ ಜನರ ಮಾಹಿತಿ ಒಟ್ಟುಮಾಡಿದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ರೋಗಲಕ್ಷಣ ಕಾಣಿಸಿಕೊಂಡ ಸೋಂಕಿತರಲ್ಲಿ ಮೂರು ತಿಂಗಳು ಕಳೆದರೂ ನರಳುತ್ತಿದ್ದವರು ಶೇ 6.2 ಎಂದು ಅದು ಹೇಳಿತು. (ಈ 22ಕ್ಕೂ ಅರಬ್ ಲೀಗ್‌ನ 22 ದೇಶಗಳಿಗೂ ಸಂಬಂಧವಿಲ್ಲ, ಸುಮ್ನೆ ಸಂಖ್ಯೆ ಹೊಂದಿಕೆಯಾಗಿದೆ ಅಷ್ಟೆ.)

ಹತ್ತರಲ್ಲಿ ಒಂಬತ್ತು ಎಲ್ಲಿ, ನೂರರಲ್ಲಿ ಆರು ಎಲ್ಲಿ? ಯಾರೋ ಒಬ್ಬರು ಸುಳ್ಳು ಹೇಳಿದ್ದಾರೆ ಅನ್ನಿಸುತ್ತದೆ, ಅಲ್ವಾ? ಇಬ್ಬರೂ ಹೇಳಿಲ್ಲ. ಇಬ್ಬರೂ ಬೇರೆ ಬೇರೆ ಜನರನ್ನು, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪ್ರಶ್ನೆ ಕೇಳಿದ್ದಾರೆ. ಸೋಂಕು ಹೋದರೂ ತಿಂಗಳುಗಟ್ಟಲೆ ಉಳಿಯುವ ಇಂಥ ತೊಂದರೆಗೆ ಲಾಂಗ್ ಕೋವಿಡ್ ಎಂದು ಹೆಸರು. ಅರಬ್ ನಾಡುಗಳ ಲಾಂಗ್ ಕೋವಿಡ್ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಕಾಣುವುದು ಇದೇ. ಎಷ್ಟು ಮಂದಿಗೆ ಎಂಬ ಅಂಕಿ ಒಂದು ಕಡೆ ನಿಲ್ಲುವುದೇ ಇಲ್ಲ. ಯಾರಿಗೆ ಜಾಸ್ತಿ ಎಂಬ ಪಟ್ಟಿ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ.

ಮೊದಲು ಕಾಯಿಲೆ ಯಾವುದು ಎಂದು ನೋಡಿಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಲಾಂಗ್ ಕೋವಿಡ್‌ಗೆ ಒಂದು ವ್ಯಾಖ್ಯೆ ಕೊಟ್ಟಿತು. ಸೋಂಕು ಶುರುವಾಗಿ ಸಾಮಾನ್ಯವಾಗಿ ಮೂರು ತಿಂಗಳಾಗಿರಬೇಕು. ತೊಂದರೆ ಕನಿಷ್ಠ ಎರಡು ತಿಂಗಳು ಇರಬೇಕು. ಅದಕ್ಕೆ ಬೇರೆ ಕಾಯಿಲೆ ಕಾರಣ ಆಗಿರಬಾರದು. ಸುಸ್ತು, ಏದುಸಿರು, ತಲೆ ಮಂಕಾಗಿ ಗಮನ ನಿಲ್ಲದಿರುವುದು, ಇವು ಮೂರು ಮುಖ್ಯ. ಎದೆ ಬಡಿತ ಏರುವುದು, ನಿದ್ರೆ ಕೆಡುವುದು, ಕೀಲು ನೋವು, ವಾಸನೆ ತಿಳಿಯದಿರುವುದು, ಹೀಗೆ ಪಟ್ಟಿ ಉದ್ದ ಇದೆ. ಇದನ್ನು ಖಚಿತವಾಗಿ ಹೇಳುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇನ್ನೂ ಇಲ್ಲ. ಸಕ್ಕರೆ ಕಾಯಿಲೆ ಎಷ್ಟು ಜನರಿಗಿದೆ ಎಂದು ರಕ್ತ ತೆಗೆದು ಎಣಿಸಬಹುದು. ಇದನ್ನು ಎಣಿಸಬೇಕಾದರೆ ಜನರನ್ನು ಕೇಳಲೇಬೇಕು. ಕೇಳುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಅರಬ್ ನಾಡುಗಳಿಗೆ ಇಂಥ ವೈರಸ್ ಹೊಸದೇನಲ್ಲ. ಕೊರೊನಾ ಕುಟುಂಬದ್ದೇ ಆದ ಮರ್ಸ್ ವೈರಸ್ ಪತ್ತೆಯಾಗಿದ್ದು 2012ರಲ್ಲಿ, ಸೌದಿಯ ಜೆಡ್ಡಾದಲ್ಲಿ. ಅದು 2015ರಲ್ಲಿ ದಕ್ಷಿಣ ಕೊರಿಯಾಕ್ಕೆ ಹೋಯಿತು. ಅಲ್ಲಿ ಬದುಕುಳಿದವರನ್ನು ಒಂದು ವರ್ಷದ ನಂತರ ನೋಡಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಸುಸ್ತು ಬಿಟ್ಟಿರಲಿಲ್ಲ. ಹಾಗಾಗಿ ಕೋವಿಡ್ ಕೂಡ ಬಾಲ ಬಿಟ್ಟು ಹೋಗಬಹುದು ಎಂಬ ಸುಳಿವು ಮೊದಲೇ ಇತ್ತು.

ಈಗ ಅಂಕಿಗೆ ಬರೋಣ. ರಿಯಾದ್‌ನಲ್ಲಿ ಆಸ್ಪತ್ರೆಗೆ ಸೇರಿ ಮನೆಗೆ ಹೋದ ಇನ್ನೂರು ಚಿಲ್ಲರೆ ರೋಗಿಗಳನ್ನು ಸುಮಾರು ನಾಲ್ಕು ತಿಂಗಳ ನಂತರ ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ತೊಂದರೆ ಹೇಳಿಕೊಂಡರು. ಮೊರಾಕೊದ ನೂರು ಚಿಲ್ಲರೆ ರೋಗಿಗಳ ಅಧ್ಯಯನದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ. ಈಜಿಪ್ಟಿನದ್ದು ಆಗಲೇ ನೋಡಿದೆವು. ಇವೆಲ್ಲ ಒಂದು ಅಥವಾ ಕೆಲವೇ ಆಸ್ಪತ್ರೆಗಳ ಸುತ್ತ ನಡೆದ ಸಣ್ಣ ಅಧ್ಯಯನಗಳು. ಬಹುಪಾಲು ಮೊದಲ ಅಲೆಗಳ ಕಾಲದವು. ಆಗ ಲಸಿಕೆ ಇರಲಿಲ್ಲ, ವೈರಸ್ಸೂ ಬೇರೆ ತಳಿ.

ಆಸ್ಪತ್ರೆಯಲ್ಲಿ ಕೇಳಿದರೆ ಅಂಕಿ ಯಾಕೆ ಏರುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡಿ. ನಾನು ಮೊದಲೇ ಹೇಳಿದ ದೊಡ್ಡ ಅಧ್ಯಯನದ ಪ್ರಕಾರ, ಮೂರು ತಿಂಗಳ ನಂತರ ತೊಂದರೆ ಉಳಿದಿದ್ದು ಮನೆಯಲ್ಲೇ ಗುಣವಾದವರಲ್ಲಿ ಶೇ 5.7ರಷ್ಟು ಮಂದಿಗೆ. ಆಸ್ಪತ್ರೆ ಸೇರಿದವರಲ್ಲಿ ಶೇ 27.5. ಐಸಿಯುಗೆ ಹೋದವರಲ್ಲಿ ಶೇ 43.1. ಒಂದು ಊರಲ್ಲಿ ಸಾವಿರ ಜನರಿಗೆ ಕೋವಿಡ್ ಬಂತು ಅಂದುಕೊಳ್ಳಿ. 950 ಜನ ಮನೆಯಲ್ಲೇ ಇದ್ದರು, 40 ಜನ ವಾರ್ಡಿನಲ್ಲಿ, 10 ಜನ ಐಸಿಯುನಲ್ಲಿ. ಮನೆಯಲ್ಲಿದ್ದವರಲ್ಲಿ ಸುಮಾರು 54 ಮಂದಿಗೆ ಲಾಂಗ್ ಕೋವಿಡ್ ಆಗುತ್ತದೆ. ವಾರ್ಡಿನವರಲ್ಲಿ 11 ಮಂದಿಗೆ, ಐಸಿಯುನವರಲ್ಲಿ ನಾಲ್ವರಿಗೆ. ಒಟ್ಟು 69. ಊರಿನ ಲೆಕ್ಕದಲ್ಲಿ ಶೇ 7ರ ಆಸುಪಾಸು. ಆದರೆ ಸಂಶೋಧಕರು ಆಸ್ಪತ್ರೆಯ ರಿಜಿಸ್ಟರ್ ಹಿಡಿದುಕೊಂಡು ಬರೀ ಆ 50 ಜನರನ್ನು ಕೇಳಿದರೆ 15 ಸಿಗುತ್ತದೆ, ಅಂದರೆ ಶೇ 30.

ಈ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಇದೆ, ಅದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಆ 69ರಲ್ಲಿ 54 ಮಂದಿ ಆಸ್ಪತ್ರೆಯ ಮುಖವನ್ನೇ ನೋಡಿದವರಲ್ಲ. ಒಬ್ಬೊಬ್ಬರಾಗಿ ನೋಡಿದರೆ ಐಸಿಯು ರೋಗಿಗೆ ಅಪಾಯ ಜಾಸ್ತಿ. ಒಟ್ಟು ಲೆಕ್ಕದಲ್ಲಿ ನರಳುವವರು ಹೆಚ್ಚಾಗಿ ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿ ಎದ್ದವರು. ಆಸ್ಪತ್ರೆಯ ಅಧ್ಯಯನ ಅಂಕಿಯನ್ನು ಹಿಗ್ಗಿಸುತ್ತದೆ, ಜೊತೆಗೆ ಬಹುಪಾಲು ರೋಗಿಗಳನ್ನು ಬಿಟ್ಟೂ ಬಿಡುತ್ತದೆ. ಎರಡೂ ಒಟ್ಟಿಗೇ ನಡೆಯುತ್ತವೆ.

ಹಾಗಾದರೆ ಆಸ್ಪತ್ರೆ ಬಿಟ್ಟು ಎಲ್ಲರನ್ನೂ ಕೇಳಿದರಾಯಿತು ಅನ್ನಬಹುದು. ಅನೇಕರು ಅದನ್ನೂ ಮಾಡಿದ್ದಾರೆ. ಗೂಗಲ್ ಫಾರ್ಮ್ ಮಾಡಿ ವಾಟ್ಸ್ಆ್ಯಪ್, ಫೇಸ್‌ಬುಕ್‌ನಲ್ಲಿ ಹಂಚುವುದು ಸುಲಭ, ಖರ್ಚೂ ಇಲ್ಲ. ಆದರೆ ಆ ಫಾರ್ಮ್ ತುಂಬುವವರು ಯಾರು? ಓದಿದವರು, ನಗರದವರು, ವಯಸ್ಸಿನಲ್ಲಿ ಚಿಕ್ಕವರು. ಅದಕ್ಕಿಂತ ಹೆಚ್ಚಾಗಿ, ತೊಂದರೆ ಇರುವವರು. ಆರಾಮಾಗಿ ಇರುವವನು 'ಕೋವಿಡ್ ನಂತರ ನಿಮಗೇನಾಗಿದೆ' ಎಂಬ ಇಪ್ಪತ್ತು ಪ್ರಶ್ನೆಗೆ ಉತ್ತರಿಸುತ್ತಾ ಕೂರುವುದಿಲ್ಲ.

ಇನ್ನೊಂದು ದೊಡ್ಡ ಕೊರತೆ ಎಂದರೆ ಹೋಲಿಸಿ ನೋಡಲು ಕೋವಿಡ್ ಬಾರದವರ ಗುಂಪು ಇಲ್ಲದಿರುವುದು. ಇದು ಯಾಕೆ ಬೇಕು ಎಂದು ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಚೆನ್ನಾಗಿ ತೋರಿಸಿತು. ಅಲ್ಲಿ ಕೋವಿಡ್ ಬಂದವರಲ್ಲಿ ಕೆಲವು ತಿಂಗಳ ನಂತರ ಶೇ 21.4ರಷ್ಟು ಮಂದಿಗೆ ತೊಂದರೆ ಇತ್ತು. ಬರೀ ಇಷ್ಟೇ ನೋಡಿದ್ದರೆ ಐವರಲ್ಲಿ ಒಬ್ಬರಿಗೆ ಲಾಂಗ್ ಕೋವಿಡ್ ಎಂದು ಸುದ್ದಿಯಾಗುತ್ತಿತ್ತು. ಅವರು ಕೋವಿಡ್ ಬಾರದವರನ್ನೂ ಅದೇ ಪ್ರಶ್ನೆ ಕೇಳಿದ್ದರು. ಅವರಲ್ಲೂ ಶೇ 8.7 ಮಂದಿ ಅದೇ ತೊಂದರೆ ಹೇಳಿದರು. ಕೋವಿಡ್ ಲೆಕ್ಕಕ್ಕೆ ಹಾಕಬಹುದಾದದ್ದು ಉಳಿದ ಶೇ 12.7, ಅಂದರೆ ಎಂಟರಲ್ಲಿ ಒಬ್ಬರು.

ನೆದರ್ಲೆಂಡ್ಸ್‌ನಂಥ ನೆಮ್ಮದಿಯ ದೇಶದಲ್ಲೇ ಹೀಗೆ. ಈಗ ಲೆಬನಾನ್ ನೆನಪಿಸಿಕೊಳ್ಳಿ. 2019ರಿಂದ ಅಲ್ಲಿ ಬ್ಯಾಂಕುಗಳು ಜನರ ದುಡ್ಡು ಕೊಡಲು ಮಿತಿ ಹಾಕಿದವು. ಅಲ್ಲಿನ ನಾಣ್ಯ ಲಿರಾದ ಬೆಲೆ ಶೇ 90ಕ್ಕಿಂತ ಜಾಸ್ತಿ ಬಿತ್ತು. 2020ರ ಆಗಸ್ಟ್ 4ರಂದು ಬೈರೂತ್ ಬಂದರು ಸ್ಫೋಟಿಸಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಊರಲ್ಲಿ 'ನಿದ್ರೆ ಬರುತ್ತಿಲ್ಲವೇ, ಸುಸ್ತೇ, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲವೇ' ಎಂದು ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಸಿರಿಯಾ, ಯೆಮೆನ್, ಗಾಜಾ, 2023ರ ಏಪ್ರಿಲ್‌ನಿಂದ ಸುಡಾನ್, ಎಲ್ಲ ಕಡೆಯೂ ಇದೇ ಪ್ರಶ್ನೆ. ಅವರ ಸುಸ್ತು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆ ಸುಸ್ತಿನಲ್ಲಿ ವೈರಸ್ಸಿನ ಪಾಲು ಎಷ್ಟು, ಬದುಕಿನ ಪಾಲು ಎಷ್ಟು ಎಂದು ಬಿಡಿಸಲು ಹೋಲಿಕೆಯ ಗುಂಪು ಬೇಕೇ ಬೇಕು.

ಇಷ್ಟೆಲ್ಲ ಆದ ಮೇಲೂ ನೂರರಲ್ಲಿ ಎಷ್ಟು ಎಂದು ಯಾರಾದರೂ ಪಟ್ಟು ಹಿಡಿದು ಕೇಳಿದರೆ ನನ್ನ ಅಂದಾಜು ಹೀಗಿದೆ. ಆಸ್ಪತ್ರೆ ಸೇರಿದ್ದವರಲ್ಲಿ ಕಾಲು ಭಾಗದಿಂದ ಅರ್ಧ. ಒಟ್ಟು ಸೋಂಕಿತರಲ್ಲಿ, ಜಗತ್ತಿನ ಬೇರೆ ಕಡೆಗಳಂತೆಯೇ, ನೂರರಲ್ಲಿ ಐದಾರರಿಂದ ಹನ್ನೆರಡರ ಒಳಗೆ. ಅರಬರ ದೇಹಕ್ಕೆ ಈ ಕಾಯಿಲೆ ಬೇರೆಯವರಿಗಿಂತ ಜಾಸ್ತಿ ಅಂಟುತ್ತದೆ ಎನ್ನಲು ಯಾವ ಆಧಾರವೂ ಕಾಣುವುದಿಲ್ಲ. ಅಷ್ಟಕ್ಕೂ ಅರಬ್ ಎಂಬುದು ಒಂದು ರಕ್ತದ ಗುಂಪಲ್ಲ. ಮಾರಿಟಾನಿಯಾದಿಂದ ಓಮನ್‌ವರೆಗೆ 45 ಕೋಟಿಗೂ ಹೆಚ್ಚು ಜನ, ಒಂದೇ ನುಡಿಯ ಹತ್ತಾರು ಬಗೆ, ಕತಾರಿನ ಸಿರಿವಂತಿಕೆಯಿಂದ ಯೆಮೆನ್‌ನ ಹಸಿವಿನವರೆಗೆ ಎಲ್ಲವೂ ಅದರಲ್ಲಿ ಸೇರಿದೆ. ಜೀನ್‌ಗಳ ಕಡೆಯಿಂದ ಹುಡುಕಾಟ ನಡೆದಿದೆ. ಫಾಕ್ಸ್‌ಪಿ4 ಎಂಬ ಜೀನ್‌ನ ಹತ್ತಿರದ ಒಂದು ಬದಲಾವಣೆಗೂ ಲಾಂಗ್ ಕೋವಿಡ್‌ಗೂ ನಂಟು ಸಿಕ್ಕಿದೆ. ಆ ಬದಲಾವಣೆ ಯುರೋಪಿನವರಿಗಿಂತ ಪೂರ್ವ ಏಷ್ಯಾದವರಲ್ಲಿ ತುಂಬಾ ಜಾಸ್ತಿ. ಅರಬ್ ಜನರ ಕತೆಯನ್ನು ಅದರಿಂದ ಕಟ್ಟಲು ಆಗುವುದಿಲ್ಲ.

ಇನ್ನು ಯಾರಿಗೆ ಜಾಸ್ತಿ ಎಂಬ ಪ್ರಶ್ನೆ. 2023ರಲ್ಲಿ 41 ಅಧ್ಯಯನಗಳ 8.6 ಲಕ್ಷ ರೋಗಿಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ ಬಂತು. ಹೆಣ್ಣಾಗಿದ್ದರೆ ಲಾಂಗ್ ಕೋವಿಡ್ ಸಾಧ್ಯತೆ ಸುಮಾರು ಒಂದೂವರೆ ಪಟ್ಟು. ಆಸ್ಪತ್ರೆ ಅಥವಾ ಐಸಿಯು ಸೇರಿದ್ದರೆ ಎರಡು ಪಟ್ಟಿಗೂ ಹೆಚ್ಚು. ಮೊದಲೇ ಬೇರೆ ಕಾಯಿಲೆಗಳಿದ್ದರೂ ಅಷ್ಟೇ. ವಯಸ್ಸು, ಬೊಜ್ಜು, ಸಿಗರೇಟು ಇವು ಸ್ವಲ್ಪ ಸ್ವಲ್ಪ ಏರಿಸುತ್ತವೆ. ಅಸ್ತಮಾ, ಶ್ವಾಸಕೋಶದ ಹಳೆ ಕಾಯಿಲೆ, ಹೃದಯದ ತೊಂದರೆ, ಆತಂಕ ಮತ್ತು ಖಿನ್ನತೆ ಕೂಡ ಪಟ್ಟಿಯಲ್ಲಿವೆ. ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರೆ ಸಾಧ್ಯತೆ ಶೇ 40ಕ್ಕೂ ಹೆಚ್ಚು ಕಡಿಮೆ. ಹೆಣ್ಣುಮಕ್ಕಳು, ಜೋರಾಗಿ ಕಾಯಿಲೆ ಬಿದ್ದವರು, ಮೊದಲೇ ಬೇರೆ ಕಾಯಿಲೆ ಇದ್ದವರು: ಕೈರೋದಲ್ಲಿ ಕೇಳಿದರೂ ರಿಯಾದ್‌ನಲ್ಲಿ ಕೇಳಿದರೂ ಲಂಡನ್‌ನಲ್ಲಿ ಕೇಳಿದರೂ ಈ ಮೂವರ ಹೆಸರು ಮತ್ತೆ ಮತ್ತೆ ಬರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 22 ದೇಶಗಳ ಅಧ್ಯಯನದಲ್ಲಿ 20 ದಾಟಿದ ಹೆಂಗಸರಲ್ಲಿ ಶೇ 10.6 ಮಂದಿಗೆ ತೊಂದರೆ ಉಳಿದಿತ್ತು, ಗಂಡಸರಲ್ಲಿ ಶೇ 5.4. ಹತ್ತಿರ ಹತ್ತಿರ ದುಪ್ಪಟ್ಟು. ಕೋವಿಡ್‌ನಿಂದ ಸತ್ತವರಲ್ಲಿ ಗಂಡಸರು ಜಾಸ್ತಿ, ಕೋವಿಡ್ ನಂತರ ನರಳುವವರಲ್ಲಿ ಹೆಂಗಸರು ಜಾಸ್ತಿ. ಹೆಣ್ಣಿನ ರೋಗನಿರೋಧಕ ಶಕ್ತಿ ಸೋಂಕಿನ ಮೇಲೆ ಚುರುಕಾಗಿ ಬೀಳುತ್ತದೆ, ಆಮೇಲೆ ಅದೇ ಚುರುಕು ಅಡಗದೆ ದೇಹಕ್ಕೇ ತಿರುಗುತ್ತದೆ ಎಂಬುದು ಒಂದು ವಿವರಣೆ. ದೇಹ ತನ್ನ ಮೇಲೇ ದಾಳಿ ಮಾಡುವ ಲೂಪಸ್‌ನಂಥ ಕಾಯಿಲೆಗಳೂ ಹೆಂಗಸರಲ್ಲೇ ಜಾಸ್ತಿ ಇರುವುದರಿಂದ ಈ ಮಾತಿಗೆ ಬಲ ಬರುತ್ತದೆ.

ಇದನ್ನು ಅರಬ್ ನಾಡುಗಳಿಗೆ ಹಚ್ಚಿ ನೋಡಿದರೆ ವಿಚಿತ್ರ ಚಿತ್ರ ಸಿಗುತ್ತದೆ. ಕತಾರಿನ ಜನಸಂಖ್ಯೆಯಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಭಾಗ ಗಂಡಸರು, ಅದೂ ದುಡಿಯುವ ವಯಸ್ಸಿನವರು. 50 ದಾಟಿದವರು ಶೇ 9 ಮಾತ್ರ. ಅಲ್ಲಿ ಒಟ್ಟಾರೆ ಅಂಕಿ ಕಡಿಮೆ ಬಂದರೆ ಅದು ಜನಸಂಖ್ಯೆಯ ಗುಣ, ದೇಶದ ಆರೋಗ್ಯದ ಗುಣ ಅಲ್ಲ. ಈಜಿಪ್ಟಿನಲ್ಲಿ, ಮೊರಾಕೊದಲ್ಲಿ ಹೆಣ್ಣು ಗಂಡು ಸಮ. ಅಲ್ಲಿ ಅಂಕಿ ತಾನಾಗಿಯೇ ಏರುತ್ತದೆ. ಕತಾರ್ ಮತ್ತು ಈಜಿಪ್ಟಿನ ಶೇಕಡಾವಾರನ್ನು ಅಕ್ಕಪಕ್ಕ ಬರೆದು 'ಅರಬ್ ಸರಾಸರಿ' ತೆಗೆಯುವುದರಲ್ಲಿ ಅರ್ಥವೇ ಇಲ್ಲ.

ನರಳಾಟದ ಅಳತೆಯಲ್ಲೂ ಹೆಣ್ಣುಮಕ್ಕಳಿಗೆ ಮೋಸ ಆಗುತ್ತದೆ. ಲಾಂಗ್ ಕೋವಿಡ್‌ನ ಹೊರೆಯನ್ನು ಅನೇಕ ದೇಶಗಳು ಕಳೆದುಹೋದ ಕೆಲಸದ ದಿನಗಳಲ್ಲಿ ಅಳೆಯುತ್ತವೆ. ಅರಬ್ ನಾಡುಗಳಲ್ಲಿ ಸಂಬಳದ ಕೆಲಸಕ್ಕೆ ಹೋಗುವ ಹೆಂಗಸರು ಸುಮಾರು ಐವರಲ್ಲಿ ಒಬ್ಬರು, ಜಗತ್ತಿನಲ್ಲೇ ಅತಿ ಕಡಿಮೆ. ಮನೆಯಲ್ಲಿ ಹತ್ತು ಜನರಿಗೆ ಬೇಯಿಸುವಾಕೆ ಮಧ್ಯಾಹ್ನ ಎದ್ದೇಳಲಾರದೆ ಮಲಗಿದರೆ ಅದು ಯಾವ ರಜೆಯ ಪುಸ್ತಕಕ್ಕೂ ಬರುವುದಿಲ್ಲ. ರಕ್ತ ಕಡಿಮೆ ಇರಬೇಕು ಎಂದು ಐರನ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಹಲವು ಸಲ ರಕ್ತ ನಿಜವಾಗಿಯೂ ಕಡಿಮೆ ಇರುತ್ತದೆ, ಅದೇ ಇಲ್ಲಿನ ತೊಡಕು.

ಎರಡನೆಯದು ಸಕ್ಕರೆ ಮತ್ತು ಬೊಜ್ಜು. ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ 2021ರ ಲೆಕ್ಕದಲ್ಲಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದ 7.3 ಕೋಟಿ ವಯಸ್ಕರಿಗೆ ಸಕ್ಕರೆ ಕಾಯಿಲೆ ಇತ್ತು, ಆರರಲ್ಲಿ ಒಬ್ಬರಿಗೆ. (ಆ ಗುಂಪಿನಲ್ಲಿ ಪಾಕಿಸ್ತಾನವೂ ಇದೆ, ಹಾಗಾಗಿ ಎಲ್ಲವನ್ನೂ ಅರಬರ ತಲೆಗೆ ಕಟ್ಟಬೇಡಿ.) ಕುವೈತಿನಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ. ಕುವೈತ್, ಸೌದಿ, ಕತಾರ್, ಜೋರ್ಡಾನ್‌ಗಳಲ್ಲಿ ವಯಸ್ಕರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಬೊಜ್ಜಿದೆ. ಇಷ್ಟು ಕೇಳಿದ ಕೂಡಲೇ 'ಅದಕ್ಕೇ ಅಲ್ಲಿ ಲಾಂಗ್ ಕೋವಿಡ್ ಜಾಸ್ತಿ' ಅನ್ನಬೇಕು ಅನ್ನಿಸುತ್ತದೆ. ಆದರೆ ಮೇಲಿನ ವಿಶ್ಲೇಷಣೆಯಲ್ಲಿ ಬರೀ ಸಕ್ಕರೆ ಕಾಯಿಲೆ ಲಾಂಗ್ ಕೋವಿಡ್ ಸಾಧ್ಯತೆಯನ್ನು ಏರಿಸಿದ್ದು ಅತ್ಯಲ್ಪ. ಅದರ ಕೈವಾಡ ಬಹುಶಃ ಬೇರೆ ದಾರಿಯಲ್ಲಿ ನಡೆಯುತ್ತದೆ. ಸಕ್ಕರೆ ಇದ್ದವರಿಗೆ ಕೋವಿಡ್ ಜೋರಾಗಿ ಬರುತ್ತದೆ, ಜೋರಾಗಿ ಬಂದವರಿಗೆ ಬಾಲ ಉಳಿಯುತ್ತದೆ.

ತಿರುಗಾ ನಂಟೂ ಇದೆ. ಅಮೆರಿಕದ ಮಾಜಿ ಸೈನಿಕರ ದಾಖಲೆಗಳನ್ನು ಜಾಲಾಡಿದ ಡಾ. ಜಿಯಾದ್ ಅಲ್-ಅಲಿ ಅವರ ತಂಡ, ಕೋವಿಡ್ ಬಂದವರಲ್ಲಿ ಒಂದು ವರ್ಷದೊಳಗೆ ಹೊಸದಾಗಿ ಸಕ್ಕರೆ ಕಾಯಿಲೆ ಶುರುವಾಗುವ ಸಾಧ್ಯತೆ ಶೇ 40ರಷ್ಟು ಜಾಸ್ತಿ ಎಂದು 2022ರಲ್ಲಿ ತೋರಿಸಿತು. ಕುವೈತಿನಂಥ ದೇಶಕ್ಕೆ ಇದು ಸಣ್ಣ ಮಾತಲ್ಲ. ಲಾಂಗ್ ಕೋವಿಡ್ ಬಗ್ಗೆ ಜಗತ್ತಿನಲ್ಲಿ ಹೆಚ್ಚು ಕೇಳಿಬರುವ ಹೆಸರುಗಳಲ್ಲಿ ಅಲ್-ಅಲಿ ಅವರದ್ದೂ ಒಂದು. ಅವರು ವೈದ್ಯಕೀಯ ಓದಿದ್ದು ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ. ಅವರ ಕೈಗೆ ಸಿಕ್ಕ ದಾಖಲೆಗಳು ಮಾತ್ರ ವಯಸ್ಸಾದ, ಬಹುಪಾಲು ಬಿಳಿಯ ಅಮೆರಿಕನ್ ಗಂಡಸರದ್ದು. ಓದಿದ ಊರಿನ ರೋಗಿಗಳ ಬಗ್ಗೆ ಅಂಥದ್ದೇ ಉದ್ದದ ದಾಖಲೆ ಸಿಕ್ಕಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಸಿಗರೇಟು ಮತ್ತು ಶೀಶಾದ (ಹುಕ್ಕಾದ) ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೋರ್ಡಾನ್‌ನಲ್ಲಿ ಗಂಡಸರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಹೊಗೆ ಬಿಡುವವರು. ಹಳೆ ಕೆಮ್ಮು, ಏದುಸಿರು ಮೊದಲೇ ಇದ್ದವರಲ್ಲಿ ಕೋವಿಡ್‌ನ ಏದುಸಿರು ಯಾವುದು ಎಂದು ಬಿಡಿಸುವುದು ಕಷ್ಟ, ಅಷ್ಟೆ.

ಲಸಿಕೆಯಲ್ಲಿ ಮಾತ್ರ ಅರಬ್ ನಾಡುಗಳ ನಡುವೆ ಆಕಾಶ ಭೂಮಿ ಅಂತರ. ಯುಎಇ ಜಗತ್ತಿನಲ್ಲೇ ಮುಂಚೂಣಿಯಲ್ಲಿತ್ತು. ಯೆಮೆನ್‌ನಲ್ಲಿ ಲಸಿಕೆ ಸಿಕ್ಕಿದ್ದು ನೂರರಲ್ಲಿ ಬೆರಳೆಣಿಕೆಯ ಮಂದಿಗೆ. ಉತ್ತರ ಇಸ್ರೇಲಿನ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿಸಿಕೊಂಡವರ ನಡುವೆ ನಡೆದ ಒಂದು ಅಧ್ಯಯನ ಇಲ್ಲಿ ನೆನಪಿಸಬೇಕು. ಅಲ್ಲಿನ ಗೆಲಿಲಿ ಸೀಮೆಯಲ್ಲಿ ಅರಬರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಪ್ರಶ್ನೆಗಳನ್ನು ಅರಬ್ಬಿಯಲ್ಲೂ ಕೇಳಲಾಗಿತ್ತು. ಎರಡು ಡೋಸ್ ಆದವರಲ್ಲಿ ಉಳಿದ ಸುಸ್ತು, ತಲೆನೋವು, ಮೈಕೈ ನೋವು ಎಲ್ಲವೂ ಲಸಿಕೆ ಇಲ್ಲದವರಿಗಿಂತ ಅರ್ಧಕ್ಕೂ ಕಡಿಮೆ ಇತ್ತು. ವೈರಸ್ಸಿನ ತಳಿಯೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನ ಸೋಂಕಿತರಲ್ಲಿ ಲಾಂಗ್ ಕೋವಿಡ್ ಪ್ರಮಾಣ ಡೆಲ್ಟಾ ಕಾಲದಲ್ಲಿ ಶೇ 10.8 ಇದ್ದದ್ದು ಓಮಿಕ್ರಾನ್ ಕಾಲಕ್ಕೆ ಶೇ 4.5ಕ್ಕೆ ಇಳಿಯಿತು. 2020ರ ಈಜಿಪ್ಟಿನ ಅಂಕಿಯನ್ನು ಇಂದಿನ ಈಜಿಪ್ಟಿಗೆ ಹಾಕಬಾರದು ಎನ್ನುವುದು ಇದಕ್ಕೇ.

ಈವರೆಗೆ ಎಣಿಸಿದವರ ಬಗ್ಗೆ ಮಾತಾಡಿದೆವು. ಎಣಿಕೆಗೆ ಸಿಗದವರು ಅದಕ್ಕಿಂತ ಎಷ್ಟೋ ಜಾಸ್ತಿ. ಯೆಮೆನ್‌ನ ಏಡನ್ ನಗರದಲ್ಲಿ 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಾಮೂಲಿಗಿಂತ ಸುಮಾರು 2,100 ಸಾವು ಹೆಚ್ಚಾಗಿತ್ತು ಎಂದು ಗೊತ್ತಾಗಿದ್ದು ಉಪಗ್ರಹ ಚಿತ್ರಗಳಲ್ಲಿ ಸ್ಮಶಾನಗಳನ್ನು ನೋಡಿ. ಸುಡಾನಿನ ರಾಜಧಾನಿ ಖಾರ್ಟೂಮ್‌ನಲ್ಲಿ ಆದ ಕೋವಿಡ್ ಸಾವುಗಳಲ್ಲಿ ಸರ್ಕಾರದ ಲೆಕ್ಕಕ್ಕೆ ಬಂದದ್ದು ನೂರಕ್ಕೆ ಎರಡರಷ್ಟು ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಅಂದಾಜಿಸಿದರು. ಸಾವನ್ನೇ ಎಣಿಸದ ಕಡೆ ಸುಸ್ತನ್ನು ಎಣಿಸುವವರು ಯಾರು? ಆದ್ದರಿಂದ ಅರಬ್ ನಾಡುಗಳ ಲಾಂಗ್ ಕೋವಿಡ್ ಅಂದರೆ ನಮ್ಮ ಮುಂದೆ ಇರುವುದು ಹೆಚ್ಚಾಗಿ ಈಜಿಪ್ಟ್, ಸೌದಿ, ಜೋರ್ಡಾನ್, ಮೊರಾಕೊದಂಥ, ವಿಶ್ವವಿದ್ಯಾಲಯ ಮತ್ತು ಇಂಟರ್ನೆಟ್ ಎರಡೂ ನಡೆಯುತ್ತಿರುವ ನಾಡುಗಳ ಕತೆ.

ಎಣಿಕೆಗೆ ಸಿಗದವರ ಎರಡನೆಯ ಗುಂಪು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಹೊರಗಿನವರು. ಇವರಲ್ಲಿ ಬಹುಪಾಲು ಅರಬರಲ್ಲ, ಆದರೆ ಅಲ್ಲಿನ ಸೋಂಕಿನಲ್ಲಿ ಇವರ ಪಾಲೇ ದೊಡ್ಡದು. ಕತಾರಿನಲ್ಲಿ 2020ರ ಮಧ್ಯದಲ್ಲಿ ಕಟ್ಟಡ, ಕಾರ್ಖಾನೆ, ಕೈಕೆಲಸದ ಕಾರ್ಮಿಕರ ರಕ್ತ ಪರೀಕ್ಷಿಸಿದಾಗ ಶೇ 55.3ರಷ್ಟು ಮಂದಿಗೆ ಆಗಲೇ ಸೋಂಕು ಬಂದು ಹೋಗಿತ್ತು. ಅವರಲ್ಲಿ ಬಹುಪಾಲು ಜನರಿಗೆ ತಮಗೆ ಕೋವಿಡ್ ಬಂದದ್ದೇ ಪರೀಕ್ಷೆಯಲ್ಲಿ ದಾಖಲಾಗಿರಲಿಲ್ಲ. ದೇಶದ ದೊಡ್ಡ ದುಡಿಯುವ ವರ್ಗದಲ್ಲಿ ಅರ್ಧಕ್ಕಿಂತ ಹೆಚ್ಚು! ಅವರಲ್ಲಿ ನೂರಕ್ಕೆ ಐವರಿಗೆ ತೊಂದರೆ ಉಳಿದರೂ ಅದು ದೊಡ್ಡ ಸಂಖ್ಯೆ.

ಇವರು ಯಾಕೆ ಕಾಣಿಸುವುದಿಲ್ಲ? ಕೆಲಸ ಇದ್ದರೆ ವೀಸಾ. ಕೆಲಸಕ್ಕೆ ಆಗುತ್ತಿಲ್ಲ ಎಂದರೆ ಟಿಕೆಟ್ ಕೊಟ್ಟು ಕಳಿಸುತ್ತಾರೆ ಎಂಬ ಹೆದರಿಕೆ. ಲೇಬರ್ ಕ್ಯಾಂಪಿನಲ್ಲಿರುವವನು ತಲೆ ಮಂಕಾಗಿದೆ ಎಂದು ಫೋರ್‌ಮನ್ ಹತ್ತಿರ ಹೇಳಿಕೊಳ್ಳುವುದಿಲ್ಲ. ಇನ್ನು ನಿಜವಾಗಿಯೂ ಆಗದೇ ಹೋದವರು ಊರಿಗೆ ವಾಪಸ್ ಬರುತ್ತಾರೆ. ಅಲ್ಲಿಗೆ ಕೊಲ್ಲಿಯ ಲೆಕ್ಕದಿಂದ ಅವರ ಹೆಸರು ಹೋಯಿತು. ಗಟ್ಟಿಯಾಗಿರುವವರು ಅಲ್ಲೇ ಉಳಿಯುತ್ತಾರೆ, ಅವರ ಜಾಗಕ್ಕೆ ಗಟ್ಟಿಮುಟ್ಟಾದ ಹೊಸಬರು ಬರುತ್ತಾರೆ. ಎರಡು ವರ್ಷದ ನಂತರ ಸಮೀಕ್ಷೆ ಮಾಡಿದರೆ ಎಲ್ಲರೂ ಆರೋಗ್ಯವಾಗಿಯೇ ಕಾಣುತ್ತಾರೆ. ಕೊಲ್ಲಿಯ ಅಂಕಿ ಚೆನ್ನಾಗಿ ಕಾಣುವುದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಬಿಸಿಲು ಇನ್ನೊಂದು. ಲಾಂಗ್ ಕೋವಿಡ್ ಇರುವ ಅನೇಕರಿಗೆ ಮೈ ಬಳಸಿ ಕೆಲಸ ಮಾಡಿದ ದಿನ ಏನೂ ಆಗುವುದಿಲ್ಲ. ಮರುದಿನ ಅಥವಾ ಅದರ ಮರುದಿನ ಏಳಲಾಗದಂತೆ ಬೀಳುತ್ತಾರೆ. 45 ಡಿಗ್ರಿಯ ಸೆಖೆಯಲ್ಲಿ ಕಬ್ಬಿಣ ಕಟ್ಟುವವನಿಗೆ ಇದು ಬಂದರೆ ಸೆಖೆಯ ಏಟು ಎನ್ನುತ್ತಾರೆ. ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ ಮೂರೂವರೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಇದೆ. ಅದು ಸೆಖೆಯಿಂದ ಕಾಪಾಡುತ್ತದೆ. ಈ ತಡವಾಗಿ ಬರುವ ಸುಸ್ತಿಗೆ ಬೇಕಾದ ಬಿಡುವು ಬೇರೆ ಥರದ್ದು, ವಾರಪೂರ್ತಿ ಹಂಚಿಕೊಂಡಿರಬೇಕಾದದ್ದು.

ನಮ್ಮ ಸಂಬಂಧ ಶುರುವಾಗುವುದು ಇಲ್ಲಿಂದ. ಕೋವಿಡ್ ಮತ್ತು ಅರಬ್ ನಾಡಿನ ನಂಟು ಕರ್ನಾಟಕಕ್ಕೆ ಮೊದಲ ತಿಂಗಳಿಂದಲೇ ಇದೆ. ಭಾರತದಲ್ಲಿ ಕೋವಿಡ್‌ನ ಮೊದಲ ಸಾವು ಕಲಬುರಗಿಯ 76 ವರ್ಷದ ಹಿರಿಯರೊಬ್ಬರದ್ದು, 2020ರ ಮಾರ್ಚ್ 10ರಂದು. ಅವರು ಫೆಬ್ರವರಿ ಕೊನೆಯಲ್ಲಿ ಸೌದಿಯಿಂದ ಮರಳಿದ್ದರು. ಅದೇ ವರ್ಷ ಮೇ 12ರಂದು ಹೊರದೇಶಗಳಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ಯೋಜನೆಯಲ್ಲಿ ಮಂಗಳೂರಿನ ಮೊದಲ ವಿಮಾನ ದುಬೈನಿಂದ ಬಂತು. ಆಮೇಲೆ ಬಂದ ವಿಮಾನಗಳಲ್ಲಿ ಭಟ್ಕಳದವರು, ಉಡುಪಿಯವರು, ಪುತ್ತೂರು ಬಂಟ್ವಾಳದವರು ಸಾಲಾಗಿ ಇಳಿದರು. ಕೆಲವರು ಕೆಲಸ ಕಳೆದುಕೊಂಡು, ಕೆಲವರು ಅಲ್ಲೇ ಕಾಯಿಲೆ ಮುಗಿಸಿಕೊಂಡು. ಅಂಥವರಿಗೆ ತೊಂದರೆ ಉಳಿದಿದ್ದರೆ ಅದು ಕೊಲ್ಲಿಯ ಲೆಕ್ಕಕ್ಕೂ ಇಲ್ಲ, ಕರಾವಳಿಯ ಲೆಕ್ಕಕ್ಕೂ ಇಲ್ಲ.

ಕೆಲಸಕ್ಕೆ ಕೊಲ್ಲಿಗೆ ತಿರುಗಿ ಹೋಗುವಾಗಿನ ತಪಾಸಣೆಯಲ್ಲೂ ಇದು ಸಿಗುವುದಿಲ್ಲ. ಊರಲ್ಲಿ ಇಂದಿಗೂ ಗಾಮ್ಕಾ ಮೆಡಿಕಲ್ ಎಂದೇ ಕರೆಯುವ, ಈಗ ವಾಫಿದ್ ಎಂಬ ಹೆಸರಿನ ಪರೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ಇದೆ, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ ಇದೆ. ಮೂರು ಮಹಡಿ ಹತ್ತಿದರೆ ಎರಡು ದಿನ ಮಲಗಬೇಕಾಗುತ್ತದಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಹೌದು ಅನ್ನುವವರು ಇರಲಿಕ್ಕಿಲ್ಲ, ಯಾಕಂದರೆ ಆ ಚೀಟಿಯ ಮೇಲೆ ಮನೆಯ ಸಾಲ ನಿಂತಿರುತ್ತದೆ.

ಮನೆಯಲ್ಲಿ ಇಂಥ ಒಬ್ಬರು ಇದ್ದರೆ ಏನು ಮಾಡಬಹುದು? ಎಲ್ಲವನ್ನೂ ಲಾಂಗ್ ಕೋವಿಡ್ ಎಂದು ಮೊದಲೇ ತೀರ್ಮಾನಿಸಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ, ಇಸಿಜಿ, ಎದೆಯ ಎಕ್ಸ್‌ರೇ, ಇಷ್ಟು ಮೊದಲು ಆಗಲಿ. ಬಿಸಿಲಿನ ನಾಡಿನಿಂದ ಬಂದವರಿಗೆ ವಿಟಮಿನ್ ಡಿ ಕೊರತೆಯಾ ಎಂದು ನಗಬೇಡಿ, ಕೊಲ್ಲಿಯಲ್ಲಿ ಅದು ತೀರಾ ಸಾಮಾನ್ಯ. ಎದೆನೋವು ಇದ್ದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ತಡ ಮಾಡಬಾರದು. ಬೇರೆ ಕಾರಣ ಏನೂ ಸಿಗದೆ, ಕೆಲಸ ಮಾಡಿದ ಮರುದಿನ ಬೀಳುವ ಲಕ್ಷಣ ಇದ್ದರೆ, 'ವಾಕಿಂಗ್ ಜಾಸ್ತಿ ಮಾಡು, ಸರಿಹೋಗುತ್ತದೆ' ಎಂದು ದೂಡಬೇಡಿ. ಅಂಥವರಿಗೆ ಒತ್ತಾಯದ ವ್ಯಾಯಾಮದಿಂದ ತೊಂದರೆ ಏರುತ್ತದೆ. ಕೈಲಾಗುವಷ್ಟು ಮಾತ್ರ ಕೆಲಸ, ನಡುನಡುವೆ ಬಿಡುವು, ಇದೇ ಸದ್ಯಕ್ಕೆ ವೈದ್ಯರು ಹೇಳುವ ದಾರಿ.

ಲಾಂಗ್ ಕೋವಿಡ್ ಬಂದ ಮೇಲೆ ಗುಣಪಡಿಸುವ ಮಾತ್ರೆ ಇನ್ನೂ ಇಲ್ಲ. ಬಾರದಂತೆ ತಡೆಯುವ ಬಗ್ಗೆ ಒಂದು ಕುತೂಹಲದ ಫಲಿತಾಂಶ ಮಾತ್ರ ಇದೆ. ಸಕ್ಕರೆ ಕಾಯಿಲೆಗೆ ದಶಕಗಳಿಂದ ಕೊಡುವ, ಅಗ್ಗದ ಮೆಟ್‌ಫಾರ್ಮಿನ್ ಮಾತ್ರೆಯನ್ನು ಅಮೆರಿಕದಲ್ಲಿ ತೂಕ ಜಾಸ್ತಿ ಇದ್ದ ಕೋವಿಡ್ ರೋಗಿಗಳಿಗೆ ಸೋಂಕಿನ ಮೊದಲ ದಿನಗಳಲ್ಲೇ ಎರಡು ವಾರ ಕೊಟ್ಟು ನೋಡಿದರು. ಹತ್ತು ತಿಂಗಳೊಳಗೆ ಲಾಂಗ್ ಕೋವಿಡ್ ಎಂದು ವೈದ್ಯರು ಗುರುತಿಸಿದ್ದು ಅವರಲ್ಲಿ ಶೇ 6.3 ಮಂದಿಗೆ, ಮಾತ್ರೆ ಪಡೆಯದವರಲ್ಲಿ ಶೇ 10.4 ಮಂದಿಗೆ. ಬೊಜ್ಜು ಮತ್ತು ಸಕ್ಕರೆ ಎರಡೂ ಮನೆಮಾತಾಗಿರುವ ಕುವೈತ್, ಸೌದಿ, ಈಜಿಪ್ಟ್‌ಗಳಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ನೋಡುವುದಕ್ಕಿಂತ ಸೂಕ್ತವಾದ ಜಾಗ ಇನ್ನೊಂದಿಲ್ಲ. ಹಾಗಂತ ಹಳೆಯ ಸುಸ್ತಿಗೆ ಮನೆಯಲ್ಲಿರುವ ಅಪ್ಪನ ಸಕ್ಕರೆ ಮಾತ್ರೆ ನುಂಗಲು ಹೋಗಬೇಡಿ. ಅದು ಕೆಲಸ ಮಾಡಿದ್ದು ಸೋಂಕು ಹೊಸದಾಗಿದ್ದಾಗ.